ಓನಾಮದ ಮೊದಲ ದಿನ: ಹೊಯ್ಸಳನಾಡಿನ ಬಾಲಶಿಕ್ಷೆಯ ಮೂರು ಆಶ್ರಯಗಳು

ಬೇಸಿಗೆಯ ರಜೆ ಕಳೆದು ಮುಂಗಾರಿನ ಮೋಡ ಕವಿಯುವ ಹೊತ್ತಿಗೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಪ್ರಾಥಮಿಕ ಶಾಲೆಗಳ ಬಾಗಿಲು ಪ್ರತಿವರ್ಷವೂ ತೆರೆಯುತ್ತದೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗವಲ್ಲಿ, ಹೊಸ ಮಕ್ಕಳ ಕೈಗೆ ಹೂವು ಅಥವಾ ಸಿಹಿ. ಈ ಸಂಭ್ರಮದ ನಡುವೆ ನಡೆಯುವ ಮುಖ್ಯ ಕಾರ್ಯ ಒಂದೇ: ಒಂದು ಮಗು ಮೊದಲ ಅಕ್ಷರವನ್ನು ತಿದ್ದುತ್ತದೆ. ಈ ಕಾರ್ಯಕ್ಕೆ ಈ ನಾಡಿನಲ್ಲಿ ಎಂಟು ನೂರು ವರ್ಷಗಳಿಗೂ ಮಿಕ್ಕ ಇತಿಹಾಸವುಂಟು. ಅದನ್ನು ಪರಿಶೀಲಿಸುವಾಗ ಎರಡು ಪ್ರಶ್ನೆಗಳು ಮುಖ್ಯವಾಗುತ್ತವೆ. ಅಕ್ಷರ ಕಲಿಸುವವನ ಜೀವನಕ್ಕೆ ಆಧಾರ ಯಾವುದು? ಯಾರ ಮಗುವಿಗೆ ಆ ಬಾಗಿಲು ತೆರೆದಿತ್ತು? ಮೊದಲ ಪ್ರಶ್ನೆಗೆ ದತ್ತಿ, ಕೂಲಿ, ವೇತನ ಎಂಬ ಮೂರು ಉತ್ತರಗಳನ್ನು ಕಾಲವು ಕೊಟ್ಟಿದೆ. ಆ ಉತ್ತರ ಬದಲಾದಂತೆಲ್ಲ ಎರಡನೆಯ ಪ್ರಶ್ನೆಯ ಉತ್ತರವೂ ಬದಲಾಗಿರುವುದು ಗಮನಾರ್ಹ.

ಹೊಯ್ಸಳರ ಕಾಲದಲ್ಲಿ ವಿದ್ಯೆಗೆ ದತ್ತಿಯೇ ಆಶ್ರಯ. ಅರಸೀಕೆರೆಯು ಆಗ ಸರ್ವಜ್ಞವಿಜಯ, ಬಲ್ಲಾಳಪುರ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಅಗ್ರಹಾರ. ದೋರಸಮುದ್ರವೆಂಬ ಹಳೇಬೀಡು ರಾಜಧಾನಿ. ಬಾಲಶಿಕ್ಷೆ, ಅಕ್ಕರಿಗ ವೃತ್ತಿ, ಭಟ್ಟವೃತ್ತಿ ಎಂಬ ಮಾತುಗಳು ಕನ್ನಡ ಶಾಸನಗಳಲ್ಲಿ ಬರುತ್ತವೆ. ಅಕ್ಕರಿಗನೆಂದರೆ ಅಕ್ಷರ ಕಲಿಸುವವನು. ಅವನ ಪಾಲಿಗೆ ಬಿಟ್ಟ ಭೂಮಿಯ ಹುಟ್ಟುವಳಿಯೇ ಅವನ ಜೀವನ. ಉಚ್ಚ ವಿದ್ಯೆಗೆ ಅರಮನೆಯ ಪೋಷಣೆಯೂ ಇತ್ತು. ಒಂದನೆಯ ನರಸಿಂಹನ ಕಾಲದ ಸುಮನೋಬಾಣನು ಕಟಕೋಪಾಧ್ಯಾಯನಾಗಿದ್ದನು. ಅವನ ಮಗ ಜನ್ನ. ಜನ್ನನ ಸೋದರಳಿಯ ಕೇಶಿರಾಜ. ಸುಮಾರು ೧೨೬೦ರಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿ, ಕನ್ನಡದ ಅಕ್ಷರಗಳು ನಲವತ್ತೇಳೆಂದು ನಿರ್ಣಯಿಸಿದನು. ಉಪಾಧ್ಯಾಯರ ಮನೆತನವೊಂದರಿಂದಲೇ ಕನ್ನಡ ವರ್ಣಮಾಲೆಗೆ ಶಾಸ್ತ್ರದ ಚೌಕಟ್ಟು ದೊರೆತುದು ಆಕಸ್ಮಿಕವಲ್ಲ.

ಆದರೆ ದತ್ತಿಯ ವಿದ್ಯೆ ಬಹುಮಟ್ಟಿಗೆ ಅಗ್ರಹಾರ, ಬಸದಿ, ಮಠ, ಅರಮನೆಗಳ ಸುತ್ತ ನಿಂತದ್ದು. ಅದರ ಹೊರಗೆ ಅಕ್ಷರವೇ ಇರಲಿಲ್ಲವೆಂದು ಮಾತ್ರ ಹೇಳಲಾಗದು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನೂ ಬಿರುದನ್ನೂ ವಿಗ್ರಹಗಳ ಅಡಿಯಲ್ಲಿ ಕೊರೆದಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇವರಲ್ಲಿ ಪ್ರಮುಖರು. ಕಸುಬಿನೊಡನೆ ಅಕ್ಷರವೂ ತಂದೆಯಿಂದ ಮಗನಿಗೆ ಇಳಿದಿರಬೇಕೆಂದು ಈ ಸಹಿಗಳಿಂದ ಊಹಿಸಬಹುದು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕದವರ ಬಾಯಿಗೆ ಕನ್ನಡದ ಮಾತನ್ನು ತತ್ತ್ವದ ಮಾತಾಗಿ ಕೊಟ್ಟರು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರು ವಚನಕಾರ್ತಿಯರಾದರು. ವಿದ್ಯೆಯ ಬಾಗಿಲನ್ನು ಒಳಗಿನಿಂದ ತೆರೆಯುವವರು ತಡಮಾಡಿದಾಗ ಹೊರಗಿನಿಂದ ತಟ್ಟಿದವರು ಇವರು.

'ಮಠ' ಎಂಬ ಪದದ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ದಾಸೋಜನ ಊರಾದ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು, ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿದ್ದುದನ್ನೂ, ದೀನರಿಗೂ ಅಂಗಹೀನರಿಗೂ ಅನ್ನ ದೊರೆಯುತ್ತಿದ್ದುದನ್ನೂ, ರೋಗಿಗಳಿಗೆ ಔಷಧ ಸಲ್ಲುತ್ತಿದ್ದುದನ್ನೂ ಒಟ್ಟಿಗೇ ಹೇಳುತ್ತದೆ. ಅನ್ನವೂ ಅಕ್ಷರವೂ ಒಂದೇ ಸೂರಿನಡಿ ಇದ್ದ ಈ ಕಲ್ಪನೆ ಜನಮನದಲ್ಲಿ ಆಳವಾಗಿ ಬೇರೂರಿತು. ಕಾಲಕ್ರಮದಲ್ಲಿ ಮಠವೆಂದರೆ ಓದುವ ಮನೆ ಎಂಬ ಅರ್ಥವೇ ಹಳ್ಳಿಗಳಲ್ಲಿ ನೆಲೆನಿಂತಿತು. ಉತ್ತರ ಕರ್ನಾಟಕದ ಸಾಲಿಮಠ ಎಂಬ ಮನೆತನದ ಹೆಸರು ಅದಕ್ಕೆ ಇಂದಿಗೂ ಸಾಕ್ಷಿ.

ರಾಜಾಶ್ರಯವು ಅಳಿದ ಮೇಲೆ ಬಾಲಶಿಕ್ಷೆಯನ್ನು ಉಳಿಸಿದ್ದು ಕೂಲಿಮಠ. ಹೆಸರೇ ಅದರ ವ್ಯವಸ್ಥೆಯನ್ನು ಹೇಳುತ್ತದೆ: ತಂದೆತಾಯಿಗಳು ಕೊಡುವ ಕಾಸು, ಕಾಳುಗಳೇ ಅಯ್ಯನವರ ಕೂಲಿ. ಕಟ್ಟಡವೆಂಬುದು ಊರಿನ ಚಾವಡಿ, ಗುಡಿಯ ಕೈಸಾಲೆ ಅಥವಾ ಉಪಾಧ್ಯಾಯರ ಜಗುಲಿ. ಒಳ್ಳೆಯ ದಿನ ನೋಡಿ ಮಗುವನ್ನು ಕರೆತಂದು, ಅಯ್ಯನವರಿಗೆ ತಾಂಬೂಲ ದಕ್ಷಿಣೆಯನ್ನಿತ್ತು ಒಪ್ಪಿಸುತ್ತಿದ್ದರು. ಅಯ್ಯನವರು ಮಗುವಿನ ಬೆರಳು ಹಿಡಿದು ಹರಡಿದ ಮರಳಿನ ಮೇಲೆ ಮೊದಲ ಅಕ್ಷರಗಳನ್ನು ತಿದ್ದಿಸುವರು. ಓಂ ನಮಃ ಶಿವಾಯ ಎಂದು ಆರಂಭವಾಗುತ್ತಿದ್ದುದರಿಂದಲೇ ಅಕ್ಷರಾರಂಭಕ್ಕೆ ಓನಾಮವೆಂಬ ಹೆಸರು ಬಂದಿತು.

ಮರಳಿನಲ್ಲಿ ಕೈ ಕುದುರಿದ ಮೇಲೆ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದಾಗಿತ್ತು. ಕಾಗುಣಿತ, ಒತ್ತಕ್ಷರ, ಮಗ್ಗಿಗಳು ಬಾಯಿಪಾಠವಾದ ಬಳಿಕ ಅಮರಕೋಶ. ಮುಂದೆ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತ, ಷಡಕ್ಷರದೇವನ ರಾಜಶೇಖರ ವಿಳಾಸಗಳಂತಹ ಕಾವ್ಯಗಳು. ಜೊತೆಗೆ ಪತ್ರ, ಲೆಕ್ಕ. ವೈಷ್ಣವ ಕವಿಯ ಕೃತಿಯೂ ವೀರಶೈವ ಕವಿಯ ಕೃತಿಯೂ ಒಂದೇ ಜಗುಲಿಯ ಮೇಲೆ ಒಂದೇ ದನಿಯಲ್ಲಿ ಮೊಳಗಿದುವು. ಮಹಾನವಮಿ ಬಂದಿತೆಂದರೆ ಹುಡುಗರು ಇದ್ದುದರಲ್ಲಿ ಚೆಲುವಾದ ಉಡುಗೆಯುಟ್ಟು, ಕೋಲುಗಳನ್ನು ಹಿಡಿದು, ಅಯ್ಯನವರನ್ನು ಮುಂದಿಟ್ಟುಕೊಂಡು ಮನೆಮನೆಗೆ ಹೋಗಿ ಚೌಪದ ಹೇಳುತ್ತಿದ್ದರು. ಬಂದ ಕಾಣಿಕೆ ಅಯ್ಯನವರಿಗೆ. ಊರು ತನ್ನ ಉಪಾಧ್ಯಾಯನ ಋಣವನ್ನು ಹಾಡಿನ ಮೂಲಕ ನೆನೆಸಿಕೊಳ್ಳುತ್ತಿದ್ದ ಹಬ್ಬವದು.

ಕೂಲಿಮಠದ ಗುಣವನ್ನು ಹೇಳುವಾಗ ಅದರ ಮಿತಿಯನ್ನು ಮರೆಮಾಚುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಕೂಲಿ ಕೊಡಲಾರದವನ ಮಗ ದನ ಕಾಯುವುದರಲ್ಲೇ ಉಳಿದನು. ಹೆಣ್ಣುಮಕ್ಕಳು ಬರುತ್ತಿದ್ದುದು ತೀರ ವಿರಳ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಜಗುಲಿಯೇ ನಿಷಿದ್ಧ. ನೆನಪನ್ನು ಬೆಳೆಸಿದ ಆ ಪದ್ಧತಿಯು ಅರ್ಥವನ್ನು ಎಷ್ಟೋ ವೇಳೆ ಮುಂದಕ್ಕೆ ಹಾಕಿತು. ಬೆತ್ತವನ್ನು ಮಾತ್ರ ಮುಂದಕ್ಕೆ ಹಾಕಲಿಲ್ಲ.

ಮೂರನೆಯ ಆಶ್ರಯವಾದ ಸರ್ಕಾರಿ ವೇತನವು ಹಳ್ಳಿಗಳನ್ನು ತಲಪಿದ್ದು ೧೮೬೮ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ. ಹೋಬಳಿಗೊಂದು ಶಾಲೆ ಎಂಬುದು ಅದರ ಸೂತ್ರ. ಹಳ್ಳಿಯ ಉಪಾಧ್ಯಾಯರನ್ನೇ ತರಬೇತಿಗೆ ಕರೆದು ಮತ್ತೆ ಶಾಲೆಗೆ ಕಳುಹಿಸುವ ವಿವೇಕವೂ ಅದರಲ್ಲಿತ್ತು. ಶಾಲೆಗಳ ಪರಿವೀಕ್ಷಣೆಗಾಗಿ ಊರೂರು ಸುತ್ತಿದ ಇದೇ ರೈಸ್, ದಾರಿಯಲ್ಲಿ ಕಂಡ ಶಿಲಾಶಾಸನಗಳತ್ತ ಮನಸೋತು, ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಅರಸೀಕೆರೆ, ಬೇಲೂರುಗಳ ಹಳೆಯ ದತ್ತಿಗಳು ವಿದ್ವಾಂಸರಿಗೆ ಓದಲು ದೊರೆತುದು ಒಬ್ಬ ಶಾಲಾಧಿಕಾರಿಯ ಶ್ರಮದಿಂದ ಎಂಬುದು ಅರ್ಥಪೂರ್ಣ ಸಂಗತಿ.

ಬಾಗಿಲು ಇನ್ನಷ್ಟು ತೆರೆಯಲು ಕಾನೂನೇ ಬೇಕಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನವಾಯಿತು. ಅದು ಮೊದಲು ಆಯ್ದ ಸ್ಥಳಗಳಿಗೆ ಮಾತ್ರ ಅನ್ವಯಿಸಿತು. ಸರ್ಕಾರಿ ಶಾಲೆಗಳಲ್ಲಿ ಜಾತಿಯ ಕಾರಣದಿಂದ ಯಾವ ಮಗುವನ್ನೂ ಹೊರಗಿಡಬಾರದೆಂಬ ಆದೇಶ ೧೯೧೫ರಲ್ಲಿ ಹೊರಟಾಗ ವಿರೋಧವೂ ಎದ್ದಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕೆಂದು ಸಂವಿಧಾನವು ೨೦೦೨ರ ತಿದ್ದುಪಡಿಯಿಂದ ಒಪ್ಪಿತು. ಅದಕ್ಕಾಗಿ ೨೦೦೯ರಲ್ಲಿ ರಚಿತವಾದ ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅಗ್ರಹಾರದ ವೃತ್ತಿಯಿಂದ ಈ ಹಕ್ಕಿನವರೆಗಿನ ದಾರಿ ಸುಮಾರು ಎಂಟು ಶತಮಾನಗಳಷ್ಟು ಉದ್ದ.

ಹೊಸದರಲ್ಲಿ ಹಳೆಯದು ಅಡಗಿರುವುದೂ ಉಂಟು. ೨೦೦೨ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ಎಲ್ಲೆಡೆಗೂ ಹಬ್ಬಿದ ಮಧ್ಯಾಹ್ನದ ಊಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರು. ದಾಸೋಹವು ಶರಣರು ಬೆಳಗಿಸಿದ ಪದ. ಅನ್ನ ಅಕ್ಷರಗಳನ್ನು ಜೊತೆಗಿಟ್ಟದ್ದು ಮಠಗಳು ನಡೆಸಿಕೊಂಡು ಬಂದ ಕ್ರಮ. ಸರ್ಕಾರವು ತನ್ನ ಯೋಜನೆಗೆ ಹೆಸರು ಹುಡುಕಿದಾಗ ನಾಡಿನ ನೆನಪೇ ನೆರವಿಗೆ ಬಂದಿತು.

ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕಟ್ಟಿದ ಮೃದುಶಿಲೆಯನ್ನು ಜನರು ಬಳಪದ ಕಲ್ಲೆಂದೇ ಕರೆಯುತ್ತಾರೆ. ಗಣಿಯಿಂದ ತೆಗೆದಾಗ ಮೆತುವಾಗಿದ್ದು, ಗಾಳಿ ಬಿಸಿಲಿಗೆ ಗಡುಸಾಗುವ ಈ ಜಾತಿಯ ಕಲ್ಲು ಶಿಲ್ಪಿಯ ಕೈಯಲ್ಲಿ ನಾಟ್ಯಸರಸ್ವತಿಯಾಯಿತು. ಅದರದೇ ಚೂರು ಕೂಲಿಮಠದ ಮಗುವಿನ ಕೈಯಲ್ಲಿ ಬಳಪವಾಯಿತು. ಒಂದನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಇನ್ನೊಂದು ಬರೆಬರೆಯುತ್ತ ಸವೆದು ಹೋಯಿತು; ಅದು ಬರೆಸಿದ ಅಕ್ಷರ ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಸಾಗಿಬಂದಿತು. ಶಾಲೆಯ ಮೊದಲ ದಿನ ಅಂಜುತ್ತ ಹೊಸಿಲು ದಾಟುವ ಮಗು ಆ ಸಾಲಿನ ಕೊನೆಯದು. ಅದನ್ನು ಕೈಹಿಡಿದು ಒಳಗೆ ಕರೆದುಕೊಳ್ಳುವ ಉಪಾಧ್ಯಾಯನು ಅಕ್ಕರಿಗನ ವೃತ್ತಿಗೂ ಅಯ್ಯನವರ ಜಗುಲಿಗೂ ಉತ್ತರಾಧಿಕಾರಿ. ಅವರು ಹೊರಗೆ ನಿಲ್ಲಿಸಿದ ಮಕ್ಕಳ ಋಣವನ್ನು ತೀರಿಸುವ ಭಾರವೂ ಅವನದೇ.