ಘಾಟಿ ಹತ್ತಿ ಬಂದ ಐಸು

ನಾನು ಮುಟ್ಟಿದ ಮೊದಲ ಐಸಿಗೆ ಬಂಗುಡೆಯ ವಾಸನೆಯಿತ್ತು. ಕುಂದಾಪುರ, ಗಂಗೊಳ್ಳಿ ಕಡೆಯಿಂದ ರಾತ್ರಿ ಹೊರಟ ಮೀನಿನ ಗಾಡಿ ಹುಲಿಕಲ್ ಘಾಟಿ ಹತ್ತಿ, ಮಾಸ್ತಿಕಟ್ಟೆ, ನಗರ, ಹೊಸನಗರ ದಾಟಿ ರಿಪ್ಪನ್‌ಪೇಟೆಯ ಸರ್ಕಲ್ಲಿಗೆ ಬರುವಾಗ ಬೆಳಕು ಹರಿದಿರುತ್ತಿತ್ತು. ಹಿಂಬಾಗಿಲಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೂಕ, ಚೌಕಾಸಿ ಎಲ್ಲ ಮುಗಿದ ಮೇಲೆ ಬುಟ್ಟಿಯ ತಳದ ಚೂರುಗಳನ್ನು ರಸ್ತೆ ಬದಿಗೆ ಸುರಿದು ಹೋಗುತ್ತಿದ್ದರು. ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಯಾರದ್ದು ಕೊನೆಗೆ ಕರಗುತ್ತದೆ ಎಂದು ನಾವು ಹುಡುಗರು ಪಂದ್ಯ ಕಟ್ಟುತ್ತಿದ್ದೆವು.

ಮುಂದೆ ಅದೇ ಸರ್ಕಲ್ಲಿನ ಹತ್ತಿರ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟೆ. ಸೆಲ್ಫ್ ಎತ್ತದ ಜೀಪು, ಚಾರ್ಜ್ ನಿಲ್ಲದ ಬ್ಯಾಟರಿ, ಹಾರ್ನು ಕೂಗದ ಲಾರಿ ಇವುಗಳ ನಡುವೆಯೇ ತಲೆ ನೆರೆಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ನಾಲ್ಕು ಕಡೆಯ ರಸ್ತೆಯೂ ಇಲ್ಲಿ ಕೂಡುವುದರಿಂದ ಕೆಟ್ಟ ಗಾಡಿಗಳಿಗೆ ಬರವಿಲ್ಲ. ಈಚೆಗೆ ಜೋಗ, ಕೊಡಚಾದ್ರಿ ನೋಡಲು ಮಲಗುವ ವ್ಯಾನುಗಳಲ್ಲಿ ಜನ ಬರುತ್ತಾರೆ. ಒಳಗೇ ಹಾಸಿಗೆ, ಒಲೆ, ಫ್ರಿಜ್ಜು. ಅಂಗಡಿ ಮುಂದೆ ನಿಂತರೆ ದೂರು ಹೆಚ್ಚಾಗಿ ಒಂದೇ: ರಾತ್ರಿ ಬ್ಯಾಟರಿ ಇಳಿಯಿತು, ಫ್ರಿಜ್ ನಿಂತಿತು, ಹಾಲು ಒಡೆಯಿತು. ಓಡುವ ಗಾಡಿಯಲ್ಲಿ ತಂಪು ಕಾಯುವುದು ಹೊಸ ತಾಪತ್ರಯ ಎಂದು ಅವರ ಭಾವನೆ. ಈ ರಸ್ತೆ ಅದನ್ನು ಹಳೆಯ ಕಾಲದಿಂದ ನೋಡಿದೆ.

ಐಸು ಬರುವ ಮೊದಲು ಮಲೆನಾಡಿಗೆ ಸಮುದ್ರದ ಮೀನು ಅಂದರೆ ಒಣಮೀನು. ಉಪ್ಪು ಬೆರೆಸಿ ಬಿಸಿಲಿಗೆ ಹಾಕಿದ್ದು ಘಾಟಿ ಹತ್ತಿ ಬಂದು ಮಳೆಗಾಲಕ್ಕೆಂದು ಅಟ್ಟ ಸೇರುತ್ತಿತ್ತು. ಹಸಿಮೀನು ಬೇಕಾದವರಿಗೆ ಹೊಳೆ, ಕೆರೆ ಇದ್ದವು, ಮುಂಗಾರಿನ ಹೊಸ ನೀರಿಗೆ ಗದ್ದೆಯವರೆಗೂ ಬರುವ ಹತ್ತುಮೀನು ಇತ್ತು. ಜೂನ್, ಜುಲೈಯಲ್ಲಿ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ನಮ್ಮ ಅಡುಗೆಮನೆ ಈಗಲೂ ಹಳೆಯ ಕ್ರಮಕ್ಕೇ ಮರಳುತ್ತದೆ. 1970ರ ದಶಕದ ನಡುವಿನಲ್ಲಿ ಕರಾವಳಿಗೆ ಪರ್ಸೀನ್ ಬಲೆ ಬಂತು. ಬೈಗೆ, ಬಂಗುಡೆ ರಾಶಿ ರಾಶಿಯಾಗಿ ದಡಕ್ಕೆ ಬೀಳತೊಡಗಿದವು. ಅಷ್ಟನ್ನೂ ಅಲ್ಲಿಯೇ ತಿಂದು ಮುಗಿಸಲಾಗುವುದಿಲ್ಲ. ಕೆಡುವ ಮೊದಲು ದೂರ ಸಾಗಿಸಲೇಬೇಕು. ಬಂದರಿನ ಹಿಂದೆಯೇ ಐಸ್ ಫ್ಯಾಕ್ಟರಿಗಳು ಹುಟ್ಟಿದವು.

ಆ ಕಾಲದ ಮೀನಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವನು ನಾನು. ಹಿಂದಿನ ದೀಪಕ್ಕೆ ವೈರ್ ಎಳೆಯಲು ಹಲಗೆ ಕಳಚಿದರೆ ಹೊರಗಡೆ ಕಾಡುಮರದ ಹಲಗೆ, ಒಳಗಡೆ ಬೆಸುಗೆ ಹಾಕಿದ ತಗಡು, ಎರಡರ ನಡುವೆ ಒಂದು ಗೇಣು ಜಾಗ. ಆ ಜಾಗದ ತುಂಬ ಸಾಮಿಲ್ಲಿನ ಹುಡಿ, ಕೆಲವರದ್ದರಲ್ಲಿ ಭತ್ತದ ಹೊಟ್ಟು. ಹುಡಿ ಒದ್ದೆಯಾದರೆ ಮುಗಿಯಿತು, ಪೆಟ್ಟಿಗೆ ಕೆಲಸಕ್ಕೆ ಬಾರದು. ಹಾಗಾಗಿ ಮಳೆಗಾಲ ಮುಗಿದ ಮೇಲೆ ಅದನ್ನು ತೆಗೆದು ಬಿಸಿಲಿಗೆ ಹರವಿ ಮತ್ತೆ ತುಂಬುತ್ತಿದ್ದರು. ತಳದಲ್ಲಿ ನೀರು ಹೋಗಲು ಒಂದು ತೂತು, ಅದಕ್ಕೆ ಬಟ್ಟೆಯ ಬಿರಡೆ. ಬಿರಡೆ ತೆಗೆದರೆ ನೀರಿನ ಜೊತೆ ತಂಪು ಗಾಳಿಯೂ ಸೋರುತ್ತದೆ, ತೆಗೆಯದಿದ್ದರೆ ಮೀನು ನೀರಿನಲ್ಲಿ ಮುಳುಗಿ ಮೆತ್ತಗಾಗುತ್ತದೆ. ಯಾವಾಗ ತೆಗೆಯಬೇಕು, ಎಷ್ಟು ಹೊತ್ತು ಎನ್ನುವುದು ಕ್ಲೀನರ್ ಹುಡುಗನ ವಿದ್ಯೆ. ಒಂದು ಪದರ ಐಸಿನ ಪುಡಿ, ಒಂದು ಪದರ ಮೀನು, ಮತ್ತೆ ಐಸು, ಮೇಲೆ ಒದ್ದೆ ಗೋಣಿ. ದಾರಿಯಲ್ಲಿ ಯಾರು ಕೈ ತೋರಿಸಿದರೂ ಮುಚ್ಚಳ ತೆಗೆಯುವಂತಿಲ್ಲ. ಥರ್ಮಕೋಲ್ ಬಂದದ್ದು ಆಮೇಲೆ.

ಹುಡಿಯ ವಿಚಾರ ಬಂದದ್ದಕ್ಕೆ ಒಂದು ಮಾತು. 1833ರಲ್ಲಿ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿನ ಕೊಳಗಳ ಮೇಲೆ ಚಳಿಗಾಲದಲ್ಲಿ ಕಟ್ಟಿದ ಐಸನ್ನು ಕೊಯ್ಸಿ ‘ಟಸ್ಕನಿ’ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ್ದ. ನಾಲ್ಕು ತಿಂಗಳ ಪ್ರಯಾಣ. ಹೊರಟದ್ದು ಸುಮಾರು 180 ಟನ್, ಮುಟ್ಟಿದ್ದು 100 ಟನ್. ಮದ್ರಾಸಿನ ಕಡಲ ದಂಡೆಯಲ್ಲಿ ಈಗ ವಿವೇಕಾನಂದರ ಹೆಸರಿನಲ್ಲಿರುವ ಐಸ್ ಹೌಸ್ ಕಟ್ಟಡ ಆ ವ್ಯಾಪಾರದ ಉಗ್ರಾಣವಾಗಿತ್ತು. ಯಂತ್ರದ ಐಸು ಬಂದ ಮೇಲೆ ಆ ವ್ಯಾಪಾರ ಬಿದ್ದುಹೋಯಿತು. ನನಗೆ ಇದರಲ್ಲಿ ರುಚಿಸಿದ ಸಂಗತಿ ಹಡಗಿನದ್ದಲ್ಲ. ಸುಡು ಬಿಸಿಲಿನ ಸಮುದ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಐಸು ಉಳಿದದ್ದು ಮರದ ಹುಡಿಯಿಂದ! ನಮ್ಮ ಸಾಮಿಲ್ಲಿನಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಿದ್ದರಲ್ಲ, ಅದೇ.

ಇನ್ನು ಕರೆಂಟಿನ ಕಥೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಹರಿಯುವುದು ಹೊಸನಗರ ತಾಲ್ಲೂಕಿನಲ್ಲಿ, ಧುಮುಕುವುದು ಸಾಗರ ತಾಲ್ಲೂಕಿನ ಜೋಗದಲ್ಲಿ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಮುಂದೆ 120 ಮೆಗಾವ್ಯಾಟಿಗೆ ಬೆಳೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್ ಮುಟ್ಟಿತು. ಸಾಗರ, ಹೊಸನಗರ ತಾಲ್ಲೂಕಿನ ಊರುಗಳು ನೀರಿನಡಿ ಹೋದವು. ಸಾಲದ್ದಕ್ಕೆ ಹೊಸನಗರ ತಾಲ್ಲೂಕಿನ ಮಾಣಿಯಲ್ಲಿ ಕಟ್ಟಿ ಹಾಕಿದ ನೀರಿನಿಂದ ಘಾಟಿಯ ಕೆಳಗೆ ಹೊಸಂಗಡಿಯಲ್ಲಿ ವಾರಾಹಿ ವಿದ್ಯುತ್ತು 1989ರಲ್ಲಿ ಹುಟ್ಟಿತು. ನಾಡಿಗೆಲ್ಲ ಕರೆಂಟು ಕೊಟ್ಟ ಸೀಮೆ ನಮ್ಮದು ಎಂದು ಭಾಷಣದಲ್ಲಿ ಹೇಳುವವರು ಆರಿದ್ರೆ ಮಳೆಯಲ್ಲಿ ಒಂದು ವಾರ ಇಲ್ಲಿ ಉಳಿದು ನೋಡಬೇಕು. ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲೆ. ಮಳೆಗಾಲದಲ್ಲಿ ಒಳಹಳ್ಳಿಗಳ ಫ್ರಿಜ್ಜು ಬಾಗಿಲಿರುವ ಬೀರು ಇದ್ದಂತೆ. ಹೆಂಗಸರು ಅದರಲ್ಲಿ ಬೆಲ್ಲ, ಹಪ್ಪಳ ಇಡುವುದನ್ನು ಕಂಡಿದ್ದೇನೆ; ಇರುವೆ ಬರುವುದಿಲ್ಲವಂತೆ.

ಕರೆಂಟಿಲ್ಲದೆ ನಡೆಯುವ ಫ್ರಿಜ್ಜೂ ಇತ್ತು. ಕೊಪ್ಪದ ಕಡೆ ಒಂದು ತೋಟದ ಬಂಗಲೆಗೆ ಜೀಪಿನ ಡೈನಮೊ ನೋಡಲು ಹೋದಾಗ ಅದನ್ನು ಕಂಡೆ. ಕೆಳಗೆ ಸೀಮೆಎಣ್ಣೆ ಟ್ಯಾಂಕು, ಬತ್ತಿ, ಹಿಂಭಾಗದಲ್ಲಿ ಮಸಿ ಹಿಡಿದ ಚಿಮಣಿ. ಕೆಳಗೆ ದೀಪ ಹಚ್ಚಿದರೆ ಮೇಲೆ ಐಸು ಕಟ್ಟುತ್ತದೆ ಎಂದರೆ ಮೊದಲಿಗೆ ನಾನು ನಂಬಲಿಲ್ಲ. 1922ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಮಾಡಿದ ಯುಕ್ತಿ ಅದು; ಎಲೆಕ್ಟ್ರೋಲಕ್ಸ್ ಕಂಪನಿ ಕೊಂಡುಕೊಂಡು ಲೋಕಕ್ಕೆಲ್ಲ ಮಾರಿತು. ನೀರಿನಲ್ಲಿ ಕರಗಿದ ಅಮೋನಿಯಾವನ್ನು ಬಿಸಿ ಹೊರಡಿಸುತ್ತದೆ, ಅದು ಮೇಲೆ ಹೋಗಿ ತಣಿದು ದ್ರವವಾಗುತ್ತದೆ, ಹೈಡ್ರೋಜನ್ ಇರುವ ಕೊಳವೆಯಲ್ಲಿ ಆವಿಯಾಗುತ್ತ ಸುತ್ತಲಿನ ಶಾಖ ಹೀರುತ್ತದೆ, ಮತ್ತೆ ನೀರಿಗೆ ಸೇರುತ್ತದೆ. ಮೋಟಾರಿಲ್ಲ, ಸದ್ದಿಲ್ಲ. ಎಲ್ಲ ಇಳಿಜಾರಿನ ಹರಿವಿನ ಮೇಲೆ ನಡೆಯುವುದರಿಂದ ಪೆಟ್ಟಿಗೆ ಮಾತ್ರ ಮಟ್ಟಸವಾಗಿ ನಿಂತಿರಬೇಕು. ಆ ಬಂಗಲೆಯಲ್ಲಿ ಫ್ರಿಜ್ಜಿನ ತಲೆಯ ಮೇಲೆ ಗಾರೆಯವರ ರಸಮಟ್ಟ ಯಾವಾಗಲೂ ಇರುತ್ತಿತ್ತು, ಒಂದು ಕಾಲಿನಡಿ ಹಲಗೆ ಚೂರು.

ಈಗಿನ ಕೆಲವು ಮಲಗುವ ವ್ಯಾನುಗಳಲ್ಲಿ ಇರುವುದು ಅದರ ಮೊಮ್ಮಗ. ಗ್ಯಾಸಿಗೂ ನಡೆಯುತ್ತದೆ, ಮನೆಯ ಕರೆಂಟಿಗೂ ನಡೆಯುತ್ತದೆ, ಗಾಡಿಯ 12 ವೋಲ್ಟಿಗೂ ನಡೆಯುತ್ತದೆ. ಗ್ಯಾಸಿನಲ್ಲಾದರೆ ದಿನಕ್ಕೆ ಸುಮಾರು 300 ಗ್ರಾಂ ಸಾಕು. ಬ್ಯಾಟರಿಯ ಮೇಲೆ ಬಿಟ್ಟರೆ ಮಾತ್ರ ಒಂದೇ ಸಮ 10 ಆಂಪಿಯರಿನ ಆಸುಪಾಸು ಎಳೆಯುತ್ತದೆ. 100 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಐದು ಗಂಟೆಯಲ್ಲಿ ಖಾಲಿ. ಅದಕ್ಕಿಂತ ಕೆಳಗೆ ಇಳಿಸಿದರೆ ಸೀಸದ ಪ್ಲೇಟು ಹಾಳು. ಮೇಲಾಗಿ ಮಲೆನಾಡಿನಲ್ಲಿ ಮಟ್ಟಸ ಜಾಗ ಎಂದರೆ ಅಡಿಕೆ ಒಣಗಿಸುವ ಅಂಗಳ, ಅಲ್ಲಿ ವ್ಯಾನು ನಿಲ್ಲಿಸಲು ಯಾರೂ ಬಿಡುವುದಿಲ್ಲ.

ಗಾಡಿಗೆ ತಂಪು ಹೂಡಿದವರಲ್ಲಿ ನಾನು ಮನಸಾರೆ ಮೆಚ್ಚುವವನು ಅಮೆರಿಕದ ಫ್ರೆಡರಿಕ್ ಜೋನ್ಸ್. ಕರಿಯ ಜನಾಂಗದವನು, ಆರನೇ ತರಗತಿಗೇ ಶಾಲೆ ಬಿಟ್ಟ ಮೆಕ್ಯಾನಿಕ್ಕು. 1940ರ ಸುಮಾರಿಗೆ ಲಾರಿಯ ಕುಲುಕಾಟ ತಡೆಯುವ ತಂಪಿನ ಯಂತ್ರ ಮಾಡಿ ಥರ್ಮೋ ಕಿಂಗ್ ಕಂಪನಿಗೆ ಬುನಾದಿ ಹಾಕಿದ. ಅವನ ಯಂತ್ರಕ್ಕೆ ಬೇರೆಯೇ ಇಂಜಿನ್ನು. ಸಣ್ಣ ಗಾಡಿಗೆ ಆ ಭಾಗ್ಯವಿಲ್ಲ, ಇರುವ ಇಂಜಿನ್ನೇ ಗತಿ. ಡೈನಮೊ ಕಾಲದಲ್ಲಿ ಗಾಡಿ ನಿಧಾನಕ್ಕೆ ಓಡಿದರೆ ಚಾರ್ಜೇ ಆಗುತ್ತಿರಲಿಲ್ಲ. ಘಾಟಿಯಲ್ಲಿ ದೀಪ ಮಂಕಾಗುತ್ತಿದ್ದದ್ದು ಅದಕ್ಕೇ. ಆಲ್ಟರ್ನೇಟರ್ ಬಂದ ಮೇಲೆ ಐಡ್ಲಿಂಗಿನಲ್ಲೂ ಚಾರ್ಜ್ ಸಿಕ್ಕಿತು. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು ಗಾಡಿಯಲ್ಲಿ ನಡೆಯುತ್ತದೆಂದರೆ ಅದರ ಹಿಂದೆ ಇರುವುದು ಆಲ್ಟರ್ನೇಟರ್. ಈ ಫ್ರಿಜ್ಜು ಓಡುವಾಗ ನಾಲ್ಕೈದು ಆಂಪಿಯರ್ ಎಳೆದು, ತಂಪಾದ ಮೇಲೆ ತಾನೇ ನಿಲ್ಲುತ್ತದೆ; ದಿನಕ್ಕೆ 30ರಿಂದ 50 ಆಂಪಿಯರ್-ಅವರ್. ಇಳಿಜಾರಿನ ಗೊಡವೆಯೂ ಇದಕ್ಕೆ ಅಷ್ಟಿಲ್ಲ.

ಆದರೂ ನನ್ನ ಲೆಕ್ಕ ಸುತ್ತಿ ಬಳಸಿ ಪೆಟ್ಟಿಗೆಗೇ ಬರುತ್ತದೆ. ಒಂದು ಕಿಲೋ ಐಸು ಕರಗಿ ನೀರಾಗುವಾಗ ಹೀರುವ ಶಾಖ 93 ವ್ಯಾಟ್-ಅವರ್. 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ನಾವು ಧೈರ್ಯವಾಗಿ ಬಳಸುವ ಅರ್ಧ ಎಂದರೆ 600 ವ್ಯಾಟ್-ಅವರ್. ಕಂಪ್ರೆಸರು ಅದರ ಒಂದೂವರೆ ಪಟ್ಟು ಶಾಖ ಹೊರಹಾಕುತ್ತದೆ ಎಂದು ಹಿಡಿದರೂ ಹತ್ತು ಕಿಲೋ ಐಸಿಗೆ ಸಮ. ಹತ್ತು ಕಿಲೋ ಐಸನ್ನು ಮೀನಿನವರು ಮಾತಾಡುತ್ತಲೇ ಸಲಿಕೆಯಲ್ಲಿ ಎತ್ತಿ ಹಾಕುತ್ತಾರೆ. ಗೋಡೆ ತೆಳ್ಳಗಿದ್ದರೆ ಒಳಗೆ ಬರುವ ಬಿಸಿಯನ್ನು ಹೊರಹಾಕುವುದರಲ್ಲೇ ಬ್ಯಾಟರಿಯಾಗಲಿ ಐಸಾಗಲಿ ಮುಗಿದುಹೋಗುತ್ತದೆ.

ಇದನ್ನು ಸರ್ಕಾರಿ ಆಸ್ಪತ್ರೆಯವರು ಎಂದೋ ತಿಳಿದಿದ್ದರು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯಿತು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಅದಕ್ಕೆ ಇಟ್ಟ ಫ್ರಿಜ್ಜಿನ ಒಳಗೋಡೆಯ ಸುತ್ತ ಐಸಿನ ಪದರವೇ ಇರುತ್ತದೆ. ದಿನಕ್ಕೆ ಎಂಟು ಗಂಟೆ ಕರೆಂಟು ಬಂದರೆ ಉಳಿದ ಹದಿನಾರು ಗಂಟೆ ಆ ಪದರ ಕಾಯುತ್ತದೆ. ಅಲ್ಲಿಂದ ಮುಂದೆ ನಾಲ್ಕು ಐಸ್‌ಪ್ಯಾಕ್ ಹಿಡಿಯುವ ಡಬ್ಬಿ. ಜೀಪು ಹೋಗುವಷ್ಟು ದೂರ ಜೀಪಿನಲ್ಲಿ, ಆಮೇಲೆ ಸಿಸ್ಟರ್ ಹೆಗಲಿನಲ್ಲಿ, ಸಂಕ ದಾಟಿ ಮನೆ ಮನೆಗೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಲಸಿಕೆ ಹಾಕಲು ಕಾಡಂಚಿನ ಹಳ್ಳಿಗಳಿಗೆ ಹೋದವರೂ ಹೀಗೆಯೇ ಹೋದರು. ಆ ಜೀಪುಗಳಿಗೆ ನಾನು ಬೇಕಾದಷ್ಟು ಸಲ ವೈರಿಂಗ್ ಮಾಡಿದ್ದೇನೆ. ತಂಪಿನ ಡಬ್ಬಿಗೆಂದು ಒಂದು ವೈರೂ ಎಳೆದದ್ದಿಲ್ಲ.

ವ್ಯಾನಿನವರಿಗೆ ನಾನು ಮಾಡಿಕೊಡುವ ಕೆಲಸ ಇಷ್ಟು. ಫ್ರಿಜ್ಜಿಗೆ ಬೇರೆ ಬ್ಯಾಟರಿ. ಇಂಜಿನ್ ಓಡುವಾಗ ಮಾತ್ರ ಎರಡನ್ನೂ ಸೇರಿಸುವ ರಿಲೇ, ಬೆಳಿಗ್ಗೆ ಸೆಲ್ಫ್ ಎತ್ತಬೇಕಲ್ಲ. ದಪ್ಪ ವೈರು, ತೆಳುವಾದರೆ ದಾರಿಯಲ್ಲೇ ವೋಲ್ಟೇಜ್ ಬಿದ್ದು ಕಂಪ್ರೆಸರು ಹಟ ಹಿಡಿಯುತ್ತದೆ. ಬಾಯಿಮಾತಿನ ಸಲಹೆ ಬೇರೆ: ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ಫ್ರಿಜ್ಜು ತಣ್ಣಗಾಗಲಿ, ಒಳಗೆ ಐಸ್ ಬಾಟಲಿ ಇಡಿ, ಮಕ್ಕಳಿಗೆ ಬಾಗಿಲು ತೆಗೆಯಲು ಬಿಡಬೇಡಿ. ಸೋಲಾರ್ ಪ್ಯಾನಲ್ ಹಾಕಲೇ ಎಂದು ಕೇಳುತ್ತಾರೆ. ಬಯಲುಸೀಮೆಗೆ ಒಳ್ಳೆಯದು. ಹುಲಿಕಲ್ಲಿನ ಜುಲೈಯಲ್ಲಿ ಅದು ಸುಮ್ಮನೆ ತೊಳೆಸಿಕೊಳ್ಳುತ್ತದೆ.

ಈಚೆಗೆ ಕುಂದಾಪುರ ಕಡೆಯ ಒಬ್ಬ ಮೀನಿನ ಹುಡುಗ ತನ್ನ ಟಾಟಾ ಏಸ್ ತಂದು ನಿಲ್ಲಿಸಿ, ಇದಕ್ಕೊಂದು ಕಂಪ್ರೆಸರ್ ಕೂರಿಸಿ ಎಂದ. ಬ್ಯಾಟರಿ, ರಿಲೇ, ವೈರು, ಕೂಲಿ ಎಲ್ಲ ಬರೆದು, ಪಕ್ಕದಲ್ಲಿ ಐಸಿನ ಲೆಕ್ಕವನ್ನೂ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದ. “ಹಾಗಾದ್ರೆ ಕರೆಂಟ್ ಬೇಡ ಮಾರಾಯ್ರೆ, ಗೋಡೆಗೆ ಎರಡಿಂಚು ಥರ್ಮಕೋಲ್ ಜಾಸ್ತಿ ಹಾಕಿಸ್ತೆ” ಎಂದು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡ. ನನಗೆ ಸಿಕ್ಕಿದ ಕೆಲಸ ಪೆಟ್ಟಿಗೆಯೊಳಗೆ ಒಂದು ಎಲ್‌ಇಡಿ ದೀಪ, ಮುಚ್ಚಳ ತೆರೆದೇ ಇಟ್ಟರೆ ಕಿರುಚುವ ಒಂದು ಬಜರ್. ಬಜರ್ ಅವನಾಗಿಯೇ ಕೇಳಿದ್ದು. ಜೊತೆಗೆ ಬರುವ ತಮ್ಮನಿಗೆ ಮೊಬೈಲಿನಲ್ಲಿ ಮಾತು ಜಾಸ್ತಿಯಂತೆ.