ಯಾರು ಯಾರನ್ನು ಪಾಲಿಸಬೇಕು?

ಕನ್ನಡದಲ್ಲಿ ದೊರೆಯೂ ಪಾಲಿಸುತ್ತಾನೆ, ಪ್ರಜೆಯೂ ಪಾಲಿಸುತ್ತಾನೆ. ದೊರೆ ಪಾಲಿಸುವುದು ಪ್ರಜೆಗಳನ್ನು, ಪ್ರಜೆ ಪಾಲಿಸುವುದು ದೊರೆಯ ಅಪ್ಪಣೆಯನ್ನು. ಮೇಲಿದ್ದವರು ಮಾಡಿದರೆ ಕಾಪಾಡುವುದು, ಕೆಳಗಿದ್ದವರು ಮಾಡಿದರೆ ಹೇಳಿದಂತೆ ಕೇಳುವುದು. ಸಂಸ್ಕೃತದಿಂದ ಹೊರಡುವಾಗಲೇ ಈ ಪದ ಎರಡು ಅರ್ಥಗಳನ್ನೂ ಹೊತ್ತು ತಂದಿತ್ತು. ಕೊಟ್ಟ ಮಾತು ಕೆಡದ ಹಾಗೆ ನೋಡಿಕೊಳ್ಳುವುದೂ ಒಂದು ಬಗೆಯ ಕಾವಲೇ ಅಲ್ಲವೆ? ಹಾಗಾಗಿ ವ್ರತ, ಪ್ರತಿಜ್ಞೆ, ಆಜ್ಞೆಗಳೆಲ್ಲ ಅದರ ಜೊತೆ ಸೇರಿಕೊಂಡವು.

ಕನ್ನಡಕ್ಕೆ ಬಂದ ಮೇಲೆ ಅದು ಸುಮ್ಮನೆ ಕೂರಲಿಲ್ಲ. ದಾಸರು ದೇವರ ಮುಂದೆ ಕೈ ಮುಗಿದು ಪಾಲಿಸು ಎಂದರೆ ಕಾಪಾಡು ಎಂದರ್ಥ, ಕೆಲವೊಮ್ಮೆ ಕೊಡು ಎಂದೂ ಅರ್ಥ. ದಯಪಾಲಿಸು ಎಂಬಲ್ಲಿ ಆ ಕೊಡುವ ಅರ್ಥ ಈಗಲೂ ಉಳಿದಿದೆ. ಕೂಸಿಗೆ ಲಾಲನೆ ಪಾಲನೆ, ದನಕರುಗಳಿಗೆ ಪಶುಪಾಲನೆ ಇಲಾಖೆ, ರಾಜಭವನಕ್ಕೆ ರಾಜ್ಯಪಾಲರು, ರಸ್ತೆ ಗುಂಡಿಗಳಿಗೆ ಮಹಾನಗರ ಪಾಲಿಕೆ. ಮೈಸೂರಿನ ಕಡೆ ಶಾಲೆಯವರು ಪೋಷಕರನ್ನು ಕರೆಸಿದರೆ, ಧಾರವಾಡದ ಕಡೆ ಪಾಲಕರನ್ನು ಕರೆಸುತ್ತಾರೆ. ಡಾಕ್ಟರು ಪಥ್ಯ ಪಾಲಿಸಿ ಎನ್ನುತ್ತಾರೆ, ಸಿಗ್ನಲ್ಲಿನ ಫಲಕ ಸಂಚಾರ ನಿಯಮ ಪಾಲಿಸಿ ಎನ್ನುತ್ತದೆ. ಚರ್ಚಿನಲ್ಲಿ ಬೋಧನೆ ಮಾಡುವವರು ಸಭಾಪಾಲಕರು. ಪಾಸ್ಟರ್ ಎಂಬುದೂ ಲ್ಯಾಟಿನ್ನಿನಲ್ಲಿ ಕುರಿ ಕಾಯುವವನೇ.

ಈ ಪದದ ವ್ಯಾಕರಣದಲ್ಲಿ ಒಂದು ಸೋಜಿಗವಿದೆ. ಮಾತನ್ನು ಪಾಲಿಸಬಹುದು, ನಿಯಮವನ್ನು ಪಾಲಿಸಬಹುದು. ಮನುಷ್ಯನನ್ನು ಆ ಅರ್ಥದಲ್ಲಿ ಪಾಲಿಸಲು ಬರುವುದಿಲ್ಲ. 'ಪ್ರಜೆಗಳು ದೊರೆಯನ್ನು ಪಾಲಿಸಿದರು' ಎಂದು ಹೇಳಿ ನೋಡಿ. ಯಾವುದೋ ದಿಕ್ಕಿಲ್ಲದ ದೊರೆ, ಪಾಪ, ಪ್ರಜೆಗಳೇ ಅವನಿಗೆ ಅನ್ನ ಹಾಕಿ ಸಾಕಿದರು ಎಂದು ಕೇಳಿಸುತ್ತದೆ. ಈ ಪದದ ಮಟ್ಟಿಗೆ ತಲೆಬಾಗುವುದು ಆಡಿದ ಮಾತಿಗೆ. ಆಡಿದ ಮಾತೆಂದ ಮೇಲೆ ಅದನ್ನು ತಿರುಗಿಸಿ ನೋಡಬಹುದು, ಸರಿಯೋ ತಪ್ಪೋ ಎಂದು ಕೇಳಬಹುದು, ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆಯಿಲ್ಲ ಎನ್ನಬಹುದು. ಮನುಷ್ಯನಿಗೇ ತಲೆಬಾಗಬೇಕಾದಲ್ಲಿ ಇದಕ್ಕೆಲ್ಲ ಜಾಗವಿರುವುದಿಲ್ಲ.

ಅಂಥದೊಂದು ಏರ್ಪಾಡು 1970ರ ದಶಕದ ಅಮೆರಿಕದಲ್ಲಿ ನಿಜಕ್ಕೂ ನಡೆಯಿತು. ಅದಕ್ಕೆ ಕುರಿ ಕಾಯುವ ಕೆಲಸದ ಹೆಸರೇ ಇತ್ತು: ಶೆಫರ್ಡಿಂಗ್ ಚಳವಳಿ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಬಾಬ್ ಮಮ್‌ಫೋರ್ಡ್, ಡೆರೆಕ್ ಪ್ರಿನ್ಸ್, ಚಾರ್ಲ್ಸ್ ಸಿಂಪ್ಸನ್, ಡಾನ್ ಬಾಷಮ್ ಎಂಬ ನಾಲ್ವರು ಬೋಧಕರು ಜೊತೆಯಾದರು. 1974ರಲ್ಲಿ ಕೆನಡಾದ ಅರ್ನ್ ಬ್ಯಾಕ್ಸ್‌ಟರ್ ಸೇರಿ ಐವರಾದರು. ಇವರಲ್ಲಿ ಡೆರೆಕ್ ಪ್ರಿನ್ಸ್ 1915ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಬ್ರಿಟಿಷ್ ಸೈನ್ಯಾಧಿಕಾರಿಯ ಮನೆಯಲ್ಲಿ. ಕೇಂಬ್ರಿಡ್ಜಿನಲ್ಲಿ ತತ್ತ್ವಶಾಸ್ತ್ರ ಓದಿ, ಅಲ್ಲೇ ಫೆಲೋ ಆಗಿದ್ದವರು. ದಡ್ಡರು ಕಟ್ಟಿದ ಚಳವಳಿ ಇದಾಗಿರಲಿಲ್ಲ ಎಂದು ಹೇಳಲು ಇದನ್ನು ಹೇಳಿದೆ.

ಉದ್ದೇಶವೂ ಕೆಟ್ಟದ್ದಾಗಿರಲಿಲ್ಲ. ಆಗ ಪವಿತ್ರಾತ್ಮದ ಅನುಭವ, ಪ್ರಾರ್ಥನೆಯಲ್ಲಿ ತಾನಾಗಿ ಬರುವ ಅನ್ಯಭಾಷೆ, ಪ್ರಾರ್ಥನೆಯಿಂದ ಸ್ವಸ್ಥತೆ ಎಂದು ಸಾವಿರಾರು ಜನ ಸಭೆಯಿಂದ ಸಭೆಗೆ ಅಲೆಯುತ್ತಿದ್ದರು. ಅವರಿಗೊಂದು ನೆಲೆ ಬೇಕು, ಹೇಳುವವರು ಕೇಳುವವರು ಬೇಕು ಎಂದು ಈ ಐವರಿಗೆ ಅನ್ನಿಸಿತು. ಪ್ರತಿಯೊಬ್ಬ ವಿಶ್ವಾಸಿಗೂ ಸ್ವಂತದ ಒಬ್ಬ ಕುರುಬ, ಆ ಕುರುಬನಿಗೆ ಮೇಲೊಬ್ಬ ಕುರುಬ, ಹೀಗೆ ತುದಿಯವರೆಗೆ. ಕುರುಬನ ಅಧಿಕಾರಕ್ಕೆ ಒಳಪಟ್ಟವನು 'ಹೊದಿಕೆ'ಯ ಅಡಿ ಇದ್ದಾನೆ, ಹೊರಗಿರುವವನು ಸೈತಾನನ ಬಾಯಿಗೆ ಬಿದ್ದ ಹಾಗೆ. ಗಳಿಕೆಯ ಹತ್ತರಲ್ಲೊಂದು ಪಾಲಾದ ದಶಮಾಂಶ ಅನೇಕ ಕಡೆ ನೇರವಾಗಿ ತಮ್ಮ ತಮ್ಮ ಕುರುಬನ ಕೈಗೆ ಸಂದಾಯವಾಗುತ್ತಿತ್ತು. ಕೆಲಸ ಬದಲಿಸಬೇಕೆ, ಮನೆ ಕೊಳ್ಳಬೇಕೆ, ಯಾರನ್ನು ಮದುವೆಯಾಗಬೇಕು ಎಂಬ ಪ್ರಶ್ನೆಗಳೂ ಅವನ ಮುಂದೆಯೇ ಹೋಗತೊಡಗಿದವು. ಕುರುಬನ ಮನೆಯ ಹುಲ್ಲು ಕತ್ತರಿಸುವುದು, ಮನೆಗೆಲಸ ಮಾಡಿಕೊಡುವುದು ಶಿಷ್ಯತ್ವದ ಭಾಗವೇ ಆಗಿಬಿಟ್ಟಿದೆ ಎಂಬ ದೂರುಗಳೂ ಕೇಳಿಬಂದವು.

ಅಲ್ಲಿಗೆ ಪ್ರಜೆಗಳು ದೊರೆಯನ್ನು ಪಾಲಿಸಿದ್ದಾಯಿತು, ಕನ್ನಡದಲ್ಲಿ ವಿಚಿತ್ರವಾಗಿ ಕೇಳಿಸುವ ಅರ್ಥದಲ್ಲೇ.

ಬೈಬಲ್ಲಿಗೆ ಇದು ಹೊಸ ಸಂಗತಿಯಲ್ಲ. ಹಳೆಯ ಒಡಂಬಡಿಕೆಯ ಯೆಹೆಜ್ಕೇಲನ 34ನೇ ಅಧ್ಯಾಯ ಶುರುವಾಗುವುದೇ ಇಂಥ ಕುರುಬರ ಮೇಲಿನ ಸಿಟ್ಟಿನಿಂದ. ಹಿಂಡನ್ನು ಮೇಯಿಸದೆ ತಾವೇ ಮೇಯುವವರು, ಉಣ್ಣೆ ಹೊದ್ದುಕೊಂಡು ಕಾಯಿಲೆ ಬಿದ್ದ ಕುರಿಯತ್ತ ತಿರುಗಿಯೂ ನೋಡದವರು ಎಂದು ಪ್ರವಾದಿ ಮುಲಾಜಿಲ್ಲದೆ ಬಯ್ಯುತ್ತಾನೆ. ಜನರನ್ನು ಹಿಡಿತದಲ್ಲಿಟ್ಟುಕೊಳ್ಳುವ ಸಭೆಗಳಲ್ಲಿ ಮಾತ್ರ ಹೆಚ್ಚು ಓದಿಸಿಕೊಳ್ಳುವುದು ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದ ವಚನ, ಸಭಾನಾಯಕರಿಗೆ ವಿಧೇಯರಾಗಿರಿ ಎನ್ನುವಂಥದು. ಅಲ್ಲಿ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದ ಪೈಥೊ. ಅದರ ಮೂಲಾರ್ಥ ಮನವೊಲಿಸು ಎಂದು. ಒಲಿಯಬೇಕಾದರೆ ಮೊದಲು ಯಾರಾದರೂ ಒಲಿಸಬೇಕು, ಕಾರಣ ಹೇಳಬೇಕು. ಕಾರಣ ಕೇಳಿದವನಿಗೇ ದಂಗೆಕೋರ ಎಂಬ ಹಣೆಪಟ್ಟಿ ಹಚ್ಚುವ ಕಡೆ ಈ ಗ್ರೀಕ್ ಪಾಠ ಯಾರಿಗೆ ಬೇಕು?

ಚಳವಳಿಗೆ ವಿರೋಧ ಬಂದದ್ದು ಅದೇ ಬಗೆಯ ನಂಬಿಕೆಯವರಿಂದಲೇ. ಟೀವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ 1975ರಲ್ಲಿ ಬಹಿರಂಗವಾಗಿ ತಿರುಗಿಬಿದ್ದು, ತಮ್ಮ ವಾಹಿನಿಯಲ್ಲಿ ಈ ಬೋಧಕರಿಗೆ ಬಾಗಿಲು ಹಾಕಿದರು. ಪ್ರಿನ್ಸ್ 1983ರಲ್ಲಿ ಹೊರನಡೆದರು. 1986ರಲ್ಲಿ ಉಳಿದವರ ಕೂಟವೂ ಒಡೆಯಿತು. 1989ರಲ್ಲಿ ಮಮ್‌ಫೋರ್ಡ್ ಬಹಿರಂಗ ಕ್ಷಮೆ ಕೇಳಿದರು: ತಮ್ಮ ಬೋಧನೆಯಿಂದ ಮನುಷ್ಯ ನಾಯಕರಿಗೆ ವಿಕಾರವಾದ ವಿಧೇಯತೆ ಬೆಳೆಯಿತು, ಕುಟುಂಬಗಳು ಒಡೆದವು, ಎಚ್ಚರಿಸಿದವರ ಮಾತನ್ನು ತಾವು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು. ಇಂಥ ಕ್ಷಮಾಪಣೆಗಳು ಅಪರೂಪ, ಅದಕ್ಕಾಗಿ ಮಮ್‌ಫೋರ್ಡರ ಬಗ್ಗೆ ನನಗೆ ಒಂದಿಷ್ಟು ಗೌರವವಿದೆ. ಆದರೆ ಕುರುಬನ ಮಾತು ಕೇಳಿ ಮದುವೆಯಾದವರು, ಊರು ಬಿಟ್ಟವರು, ಅಪ್ಪ ಅಮ್ಮನ ಜೊತೆ ಮಾತು ಬಿಟ್ಟವರು ಅಷ್ಟು ಹೊತ್ತಿಗೆ ನಡುವಯಸ್ಸಿಗೆ ಬಂದಿದ್ದರು.

ತಮಗೆ ಆದದ್ದೇನು ಎಂದು ಹೇಳಿಕೊಳ್ಳಲು ಅವರಿಗೆ ಪದವೇ ಇರಲಿಲ್ಲ. ಹೊಡೆದರೆ ಹೊಡೆದರು ಎನ್ನಬಹುದು, ದುಡ್ಡು ಹೊಡೆದರೆ ಮೋಸ ಎನ್ನಬಹುದು. 'ನಿನ್ನ ಒಳ್ಳೆಯದಕ್ಕೇ ಹೇಳೋದು' ಎಂದು ಹತ್ತು ವರ್ಷ ದಿನಾ ಹೇಳಿದ್ದಕ್ಕೆ ಏನೆನ್ನುವುದು? ಒಳಗಿದ್ದಾಗ ಅದು ಗೊತ್ತಾಗದಿರಲು ಕಾರಣವೂ ಇದೇ. ಅಲ್ಲಿ ಕೇಳಿಬರುವುದೆಲ್ಲ ಕಾಳಜಿಯ ಮಾತು: ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ, ನಿನ್ನ ಆತ್ಮದ ಚಿಂತೆ ನಮಗಿದೆ, ನೀನು ಹಿಂಜಾರುತ್ತಿದ್ದೀಯ. ಬೇಡ ಎಂದ ದಿನವೇ ಆ ಕಾಳಜಿಗೆ ಏನಾಗುತ್ತದೆ ಎಂಬುದು ತಿಳಿಯುವುದು. ಬೇಡ ಎಂದ ಮೇಲೂ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಾರೆಂದರೆ ಅದು ಕಾಳಜಿಯೇ ಇರಬೇಕು. ಮಾರನೆಯ ಭಾನುವಾರದಿಂದ ಎದುರಿಗೆ ಸಿಕ್ಕರೂ ಮುಖ ತಿರುಗಿಸಿದರೆ, ಅಷ್ಟು ದಿನ ನಡೆದದ್ದು ಏನೆಂದು ಹಿಂತಿರುಗಿ ನೋಡಬೇಕಾಗುತ್ತದೆ. ಬಿಡುವವರು ಬಿಡುವುದು ಬರೀ ಸಭೆಯನ್ನಲ್ಲ. ಗೆಳೆಯರು, ಮಕ್ಕಳ ಜೊತೆಗಾರರು, ಎಷ್ಟೋ ಸಲ ಕೆಲಸ, ಬಾಡಿಗೆ ಮನೆ ಎಲ್ಲವೂ ಅದೇ ಸಭೆಯವರ ಕೈಯಲ್ಲಿರುತ್ತದೆ.

1991ರಲ್ಲಿ ಡೇವಿಡ್ ಜಾನ್ಸನ್, ಜೆಫ್ ವ್ಯಾನ್‌ವಾಂಡರನ್ ಎಂಬ ಇಬ್ಬರು ಬರೆದ ಪುಸ್ತಕದಿಂದ ಇದಕ್ಕೊಂದು ಹೆಸರು ಬಳಕೆಗೆ ಬಂತು. ಕನ್ನಡದಲ್ಲಿ ಆಧ್ಯಾತ್ಮಿಕ ದೌರ್ಜನ್ಯ ಎನ್ನಬಹುದು. ಪುಸ್ತಕ ಬರೆದ ಇಬ್ಬರೂ ನಂಬಿಕೆ ಬಿಟ್ಟವರಲ್ಲ, ಚರ್ಚಿನವರೇ. ಹೆಸರು ಎಲ್ಲರಿಗೂ ರುಚಿಸಿಲ್ಲ. 2018ರಲ್ಲಿ ಬ್ರಿಟನ್ನಿನ ಇವಾಂಜೆಲಿಕಲ್ ಅಲಯನ್ಸ್, ಈ ಹೆಸರಿನಿಂದ ಧರ್ಮದ ಮೇಲೇ ಅನುಮಾನ ಬರುತ್ತದೆ, ಬೋಧನಾ ಸ್ವಾತಂತ್ರ್ಯಕ್ಕೆ ಕುತ್ತಾಗುತ್ತದೆ, ಇದನ್ನು ಬಳಸಬೇಡಿ ಎಂದು ವಾದಿಸಿತು. ಆ ಭಯವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬೋಧಕರ ಖಾರದ ಮಾತಿಗೆಲ್ಲ ದೌರ್ಜನ್ಯದ ಚೀಟಿ ಅಂಟಿಸುವವರು ನಾಳೆ ಹುಟ್ಟದೆ ಇರುವುದಿಲ್ಲ.

ಆದರೆ ಅದೇ ವರ್ಷದ ಮೊದಲ ತಿಂಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ನ್ಯಾಯಮಂಡಳಿಯ ತೀರ್ಪೊಂದು ಹೊರಬಿದ್ದಿತ್ತು. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್‌ಡನ್ ಪಟ್ಟಣದ ಪಾದ್ರಿಯೊಬ್ಬರು ಹದಿಹರೆಯದ ಹುಡುಗನೊಬ್ಬನಿಗೆ ಮಾರ್ಗದರ್ಶಕರಾಗಿದ್ದರು. ಹುಡುಗನ ಮನೆಯಲ್ಲೇ ಬಂದು ಬಿಡಾರ ಹೂಡಿದರು, ಅವನ ಕೋಣೆಯಲ್ಲಿ ಎರಡು ತಾಸಿನವರೆಗೂ ಪ್ರಾರ್ಥನೆ, ಬೈಬಲ್ ಪಾಠ ನಡೆಸಿದರು, ಅವನ ಗೆಳತಿಯಿಂದ ಅವನನ್ನು ದೂರವಿಡಲು ನೋಡಿದರು. ಅವರನ್ನು ತಪ್ಪಿತಸ್ಥರೆನ್ನಲು ಹೊಸ ಕಾನೂನನ್ನೇನೂ ಮಾಡಬೇಕಾಗಿ ಬರಲಿಲ್ಲ. ಪಾದ್ರಿಯ ಹುದ್ದೆಗೆ ತಕ್ಕುದಲ್ಲದ ನಡತೆ ಎಂಬ ಹಳೆಯ ಕಲಮೇ ಸಾಕಾಯಿತು. ಅವರು ಪಾಠ ಮಾಡಿದ ವಚನಗಳ ಅರ್ಥ ಸರಿಯೋ ತಪ್ಪೋ ಎಂದು ಯಾರೂ ವಿಚಾರಣೆಗೆ ಕೂರಲಿಲ್ಲ. ಹುಡುಗನಿಗೆ ಬೇಡ ಎನ್ನಲು ಜಾಗವಿತ್ತೇ ಎಂಬುದೇ ಅಲ್ಲಿ ಮುಖ್ಯವಾಗಿತ್ತು.