ಅಂಕುಡೊಂಕು ಗೆರೆಯ ರಿವಾಲ್ವರು

ಹಳೆಯ ಆಯುಧಗಳನ್ನು ಸಂಗ್ರಹಿಸುವವರ ಕೈಗೆ ಎಂದಾದರೊಮ್ಮೆ ಒಂದು ವಿಚಿತ್ರವಾದ ರಿವಾಲ್ವರು ಬರುವುದುಂಟು. ದೂರದಿಂದ ನೋಡಿದರೆ ಅದು ಬ್ರಿಟಿಷ್ ಸೇನಾಧಿಕಾರಿಗಳ ಸೊಂಟದಲ್ಲಿರುತ್ತಿದ್ದ ಸಾಧಾರಣ ವೆಬ್ಲಿಯಂತೆಯೇ ತೋರುವುದು. ಹತ್ತಿರಕ್ಕೆ ತಂದಾಗ, ತೋಟಾಗಳನ್ನು ತುಂಬುವ ಉರುಳೆಯ ಮೈಮೇಲೆ ಅಂಕುಡೊಂಕಾಗಿ ಕೊರೆದ ಕಿರುಗಾಲುವೆಗಳು ಕಾಣುವುವು. ಇವು ಅಲಂಕಾರಕ್ಕೆಂದು ಬಿಡಿಸಿದುವೆಂದು ಯಾರಾದರೂ ಭ್ರಮಿಸಿದರೆ ಆಶ್ಚರ್ಯವಿಲ್ಲ. ಪರೀಕ್ಷೆಗೆ ತೊಡಗುವ ಮುನ್ನ ಒಳಗೆ ತೋಟಾ ಉಳಿದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇವೆ.

ಕಿರುಗಾಲುವೆಗಳನ್ನು ಕಂಡ ಮಾತ್ರಕ್ಕೆ ನಿರ್ಣಯಕ್ಕೆ ಬರುವಂತಿಲ್ಲ. ಜರ್ಮನಿಯ ಮೌಸರ್ ಸಂಸ್ಥೆಯವರ ೧೮೭೮ರ ಮಾದರಿಯಲ್ಲಿಯೂ ಇಂಥವೇ ಇವೆ. ಆದರೆ ಅಲ್ಲಿ ಉರುಳೆಯನ್ನು ತಿರುಗಿಸುವುದು ಹೊಡೆಯುವವನ ಬೆರಳಿನ ಬಲ. ನಾವು ಹೇಳುತ್ತಿರುವ ಆಯುಧದಲ್ಲಿ ಆ ಕೆಲಸವನ್ನು ಮಾಡುವುದು ಸಿಡಿದ ಗುಂಡಿನ ಹಿಂದೊದೆತ. ನಳಿಗೆಯೂ ಉರುಳೆಯೂ ಒಟ್ಟಾಗಿ ಹಿಡಿಯ ಮೇಲೆ ಹಿಂದಕ್ಕೆ ಜಾರುತ್ತವೆ. ಕೆಳಗಿನ ಚೌಕಟ್ಟಿಗೆ ಭದ್ರವಾಗಿ ನೆಟ್ಟ ಒಂದು ಮೊಳೆ ಕಾಲುವೆಯಲ್ಲಿ ಹರಿದು ಉರುಳೆಯನ್ನು ಅರೆಪಾಲು ತಿರುಗಿಸುತ್ತದೆ. ಒಳಗಿನ ಬುಗ್ಗೆ ಎಲ್ಲವನ್ನೂ ಮುಂದಕ್ಕೆ ತಳ್ಳುವಾಗ ಉಳಿದ ಅರೆಪಾಲು ಮುಗಿಯುತ್ತದೆ. ಅಷ್ಟರಲ್ಲಿ ಬಡಿಯುವ ಸುತ್ತಿಗೆಯೂ ಎದ್ದು ಸಿದ್ಧವಾಗಿರುತ್ತದೆ. ಹೀಗೆ ಸದಾ ಸಿದ್ಧವಾಗಿರುವುದರಿಂದಲೇ ಹಿಡಿಯ ಎಡಮಗ್ಗುಲಲ್ಲಿ ಒಂದು ತಡೆಚಿಲುಕವನ್ನಿಟ್ಟಿದ್ದಾರೆ. ರಿವಾಲ್ವರಿನಲ್ಲಿ ಇಂಥ ಚಿಲುಕ ಅಪರೂಪ. ಜಾರುವ ಮೇಲ್ಭಾಗ, ಕಾಲುವೆ, ಚಿಲುಕ ಈ ಮೂರೂ ಕೂಡಿದ್ದರೆ, ಅದು ವೆಬ್ಲಿ-ಫಾಸ್ಬರಿ.

ಇದರಲ್ಲಿ ಪ್ರಮುಖವಾಗಿ ಎರಡು ಬಗೆ: ·೪೫೫ ಅಳತೆಯದಕ್ಕೆ ಆರು ತೋಟಾ, ·೩೮ರದಕ್ಕೆ ಎಂಟು. ಹ್ಯಾಮೆಟ್ಟನು ೧೯೩೦ರ 'ದಿ ಮಾಲ್ಟೀಸ್ ಫಾಲ್ಕನ್' ಕಾದಂಬರಿಯಲ್ಲಿ ಇದನ್ನು ಸರಿಯಾಗಿಯೇ ಬರೆದಿದ್ದನು. ೧೯೪೧ರ ಚಲಚ್ಚಿತ್ರದಲ್ಲಾದರೋ ಪತ್ತೇದಾರನು ಎಂಟು ತೋಟಾಗಳ ನಲವತ್ತೈದು ಎಂದುಬಿಡುತ್ತಾನೆ. ಪತ್ತೇದಾರನೇ ತಪ್ಪಿದ ಮೇಲೆ ಮಿಕ್ಕವರ ಪಾಡೇನು!

ಇದನ್ನು ಕಲ್ಪಿಸಿದ ಜಾರ್ಜ್ ವಿನ್ಸೆಂಟ್ ಫಾಸ್ಬರಿಯು ಬಂಗಾಳ ಸೈನ್ಯದ ಅಧಿಕಾರಿಯಾಗಿದ್ದವನು. ೧೮೬೩ರಲ್ಲಿ ಹಿಂದೂಸ್ಥಾನದ ವಾಯವ್ಯ ಗಡಿಯ ಅಂಬೇಲಾ ಕಾಳಗದಲ್ಲಿ, ಶತ್ರುಗಳು ಹಿಡಿದಿದ್ದ ಒಂದು ಕಡಿದಾದ ಬಂಡೆಯ ಠಾಣ್ಯವನ್ನು ಮರಳಿ ಗೆಲ್ಲಬೇಕಾಗಿ ಬಂತು. ಹಾದಿಯಲ್ಲಿ ಒಬ್ಬಿಬ್ಬರು ಮಾತ್ರ ಜೊತೆಯಾಗಿ ನಡೆಯಬಹುದಾಗಿತ್ತು. ತನ್ನ ಕಡೆಯಿಂದ ಮೊದಲು ನೆತ್ತಿಗೇರಿದವನು ಇವನೇ. ಅದಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ಕೈಗೆಟಕುವಷ್ಟು ದೂರದಲ್ಲಿ ಹಗೆ ನಿಂತಿರುವಾಗ ಎರಡನೆಯ ಗುಂಡು ಎಷ್ಟು ಬೇಗ ಹಾರಬೇಕೆಂಬುದು ಅವನಿಗೆ ಬರಿಯ ಲೆಕ್ಕಾಚಾರದ ವಿಷಯವಾಗಿರಲಿಲ್ಲ. ೧೮೯೫ರಲ್ಲಿ ತನ್ನ ಕಲ್ಪನೆಗೆ ಹಕ್ಕುಪತ್ರ ಪಡೆದನು. ೧೯೦೧ರಿಂದ ವೆಬ್ಲಿ ಅಂಡ್ ಸ್ಕಾಟ್ ಸಂಸ್ಥೆಯವರು ಇದನ್ನು ಮಾರತೊಡಗಿದರು.

ಗುರಿಯಾಟದ ಬಯಲಿನಲ್ಲಿ ಇದಕ್ಕೆ ಒಳ್ಳೆಯ ಹೆಸರು ಬಂತು. ಸೈನ್ಯವು ಮಾತ್ರ ಇದನ್ನು ಅಧಿಕೃತವಾಗಿ ಸ್ವೀಕರಿಸಲೇ ಇಲ್ಲ. ಅಧಿಕಾರಿಗಳು ಸ್ವಂತ ಹಣದಿಂದ ಕೊಂಡು ಒಯ್ದರು. ತೂಕ ಹೆಚ್ಚು. ಹಿಡಿದ ಕೈ ಸಡಿಲವಾದರೆ ಮೇಲ್ಭಾಗ ಪೂರ್ತಿ ಜಾರದು, ಮುಂದಿನ ಗುಂಡು ಹಾರದು. ೧೯೧೪ರ ಮಹಾಯುದ್ಧದ ಕಂದಕಗಳಲ್ಲಂತೂ ಆ ನಯವಾದ ಕಾಲುವೆಗಳಿಗೆ ಕೆಸರು ಮೆತ್ತಿಕೊಳ್ಳುತ್ತಿತ್ತು. ಸಾಧಾರಣ ವೆಬ್ಲಿಯೋ ಕೆಸರನ್ನು ಸಹಿಸಿತು. ಫಾಸ್ಬರಿ ೧೯೦೭ರಲ್ಲೇ ತೀರಿಕೊಂಡಿದ್ದುದರಿಂದ ಇದನ್ನು ಕಾಣಲಿಲ್ಲ. ೧೯೨೪ರ ವೇಳೆಗೆ ತಯಾರಿಕೆ ನಿಂತುಹೋಯಿತು. ಆವರೆಗೆ ಹೊರಬಂದವು ಒಟ್ಟು ೫,೦೦೦ಕ್ಕೂ ಕಡಮೆ. ಸಂಗ್ರಾಹಕರು ಇಂದು ಹುಡುಕುತ್ತಿರುವುದು ಅವನ್ನೇ.